ಅಶ್ವತ್ಥಮ್ಮನ ಅರ್ಧ ಪಾವಿನ ಬಿಸಿಬೇಳೆಬಾತ್

ಮಾಸ್ತಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಅಶ್ವತ್ಥಮ್ಮನ ಬಿಸಿಬೇಳೆಬಾತ್ ಎಂದರೆ ಊರಿಗೆಲ್ಲ ಅಚ್ಚುಮೆಚ್ಚು. ಸೀಮಂತವಿರಲಿ, ಗೃಹಪ್ರವೇಶವಿರಲಿ, ಒಲೆಯ ಮುಂದೆ ಅವಳೇ ನಿಲ್ಲಬೇಕು. ಮನೆಯಲ್ಲಂತೂ ಪ್ರತಿ ಭಾನುವಾರ ಅದೇ ಅಡುಗೆ. ಮಗ ಸೊಸೆ ಸೇರಿ ನಾಲ್ಕು ಜನಕ್ಕೆ ಎರಡು ಪಾವು ಅಕ್ಕಿ, ಒಂದು ಪಾವು ತೊಗರಿಬೇಳೆ, ಆಲೂಗಡ್ಡೆ, ಮೇಲೆ ಧಾರಾಳವಾಗಿ ತುಪ್ಪ. ಗಂಡ ಕೋದಂಡರಾಮಪ್ಪ ಎರಡನೇ ಸಲ ತಟ್ಟೆ ಮುಂದೆ ಮಾಡಿದರೆ ಅವಳಿಗೇ ಹೊಟ್ಟೆ ತುಂಬಿದ ಹಾಗೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಆ ಸಂಭ್ರಮ ಮಾಸಿರಲಿಲ್ಲ.

ಕೋದಂಡರಾಮಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ದಿನವೂ ಮಾತ್ರೆ ನುಂಗುತ್ತಿದ್ದ, ಕಾಫಿಗೆ ಸಕ್ಕರೆ ಬಿಟ್ಟಿದ್ದ. ಹಬ್ಬದ ಹೋಳಿಗೆಯನ್ನೂ ಮುಟ್ಟುತ್ತಿರಲಿಲ್ಲ. ಸಿಹಿ ಬಿಟ್ಟ ಮೇಲೆ ಇನ್ನೇನು ಭಯ ಎಂದು ಗಂಡ ಹೆಂಡತಿ ಇಬ್ಬರೂ ನಿಶ್ಚಿಂತೆಯಿಂದ ರೇಷ್ಮೆ ಹುಳು ಸಾಕಿಕೊಂಡು ಇದ್ದರು.

ಹಾಗಿರುವಾಗ ಹಿಪ್ಪುನೇರಳೆ ತೋಟದಲ್ಲಿ ಕತ್ತರಿಸಿದ ಗಿಡದ ಕೂಳೆ ಅವನ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಸಕ್ಕರೆ ಕಾಯಿಲೆಗೆ ಪಾದದ ಸ್ಪರ್ಶ ಮಂದವಾಗಿದ್ದರಿಂದ ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಲು ತೊಳೆಯುವಾಗ ರಕ್ತ ಕಂಡ. ತಿಂಗಳಾದರೂ ಗಾಯ ಮಾಯಲಿಲ್ಲ. ಮಾಲೂರಿನಲ್ಲಿ ನೋಡಿದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: "ಸಕ್ಕರೆ ಹತೋಟಿಗೆ ಬರ್ದೇ ಇದ್ರೆ ಈ ಬೆರಳು ಉಳಿಸೋದು ಕಷ್ಟ."

ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ತಬಸ್ಸುಮ್ ಗಾಯಕ್ಕೆ ಪಟ್ಟಿ ಕಟ್ಟಲು ಬಂದದ್ದು ಒಂದು ಭಾನುವಾರ, ಸರಿಯಾಗಿ ಊಟದ ಹೊತ್ತಿಗೆ.

"ಅಣ್ಣಾ, ಇದು ಎಷ್ಟನೇ ತಟ್ಟೆ?" ಎಂದು ಕೇಳಿದಳು.

"ಎರಡನೇದು ಕಣಮ್ಮಾ," ಎಂದ ಕೋದಂಡರಾಮಪ್ಪ, ಬಾಯಿ ತುಂಬ ಬಾತ್ ಇಟ್ಟುಕೊಂಡೇ.

ತಬಸ್ಸುಮ್ ಗಾಯಕ್ಕೆ ಪಟ್ಟಿ ಕಟ್ಟಿ ಹೋದಳು. ಎರಡು ಗಂಟೆ ಬಿಟ್ಟು ಮತ್ತೆ ಬಂದು, ಕೈಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಸಕ್ಕರೆ ನೋಡಿದಳು. ಮುನ್ನೂರ ಹನ್ನೆರಡು. ಊಟವಾದ ಮೇಲೆ ನೂರ ಎಂಬತ್ತರ ಒಳಗಿರಬೇಕಿತ್ತು.

"ಸಿಹಿ ಒಂದು ಚೂರೂ ಮುಟ್ಟಿಲ್ವಲ್ಲ. ನಿನ್ನ ಮಿಷನ್ನೇ ಕೆಟ್ಟಿರ್ಬೇಕು ತಬಸ್ಸುಮ್," ಎಂದಳು ಅಶ್ವತ್ಥಮ್ಮ.

"ಮಿಷನ್ ಚೆನ್ನಾಗೇ ಇದೆ ಅಕ್ಕಾ. ನಾಲಿಗೆಗೆ ಸಿಹಿ ಗೊತ್ತಾಗ್ದೇ ಇರ್ಬಹುದು. ಹೊಟ್ಟೆಗೆ ಹೋದ್ಮೇಲೆ ಅನ್ನ ಸಕ್ಕರೆನೇ ಆಗೋದು. ಆಲೂಗಡ್ಡೆನೂ ಅಷ್ಟೇ, ಮುದ್ದೆನೂ ಅಷ್ಟೇ."

"ಮುದ್ದೆನೂನಾ? ಸಕ್ಕರೆಯವ್ರಿಗೆ ಮುದ್ದೆ ಒಳ್ಳೇದು ಅಂತ ಎಲ್ರೂ ಹೇಳ್ತಾರಲ್ಲ."

"ಒಳ್ಳೇದೇ. ಒಂದು ಚಿಕ್ಕ ಮುದ್ದೆ ಆದ್ರೆ. ಅಣ್ಣ ತಿನ್ನೋದು ತೆಂಗಿನಕಾಯಿ ಗಾತ್ರದ್ದು ಎರಡು."

ಅಶ್ವತ್ಥಮ್ಮನಿಗೆ ರೇಗಿತು. "ಅಕ್ಕಿ ಕಡಿಮೆ ಮಾಡಿದ್ರೆ ಅದು ಬಾತಾ? ಸಾರಾಗುತ್ತೆ, ಅಷ್ಟೆ. ದುಡಿಯೋ ಮನುಷ್ಯ ಹೊಟ್ಟೆ ತುಂಬಾ ತಿನ್ನೋದು ಬೇಡ್ವಾ?"

ಬಾಯಲ್ಲಿ ಹಾಗೆಂದರೂ ಅವಳು ಒಳಗೊಳಗೇ ಕುಸಿದುಹೋದಳು. ಅಕ್ಕರೆಯಿಂದ ಬಡಿಸಿದ ಎರಡನೇ ಸೌಟೇ ಗಂಡನ ಬೆರಳಿಗೆ ಕುತ್ತು ತಂದಿತೇ ಎಂಬ ಸಂಕಟ ಬಿಡಲಿಲ್ಲ. ಹೆದರಿಕೆಯಲ್ಲಿ ಯಾರನ್ನೂ ಕೇಳದೆ ಒಂದು ತಪ್ಪು ಮಾಡಿದಳು. ಸೋಮವಾರದಿಂದ ಅನ್ನ, ಮುದ್ದೆ ಎರಡನ್ನೂ ಪೂರ್ತಿ ನಿಲ್ಲಿಸಿ, ಸೌತೆಕಾಯಿ ಮಜ್ಜಿಗೆ ಕೊಡತೊಡಗಿದಳು. ಕೋದಂಡರಾಮಪ್ಪ ಮಾತ್ರೆಗಳನ್ನು ಮಾತ್ರ ಎಂದಿನಂತೆ ನುಂಗುತ್ತಿದ್ದ.

ಮೂರನೇ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನಿಗೆ ಮೈಯೆಲ್ಲ ಬೆವರು. ಕೈ ನಡುಗಿ ಕುಡುಗೋಲು ಕೆಳಗೆ ಬಿತ್ತು. ಸೊಸೆ ರಂಜಿತ ಓಡಿಹೋಗಿ ತಬಸ್ಸುಮಳನ್ನು ಕರೆತಂದಳು. ತಬಸ್ಸುಮ್ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವನು ಎದ್ದು ಕೂತ.

"ಸಕ್ಕರೆ ಕಾಯಿಲೆಯವ್ರಿಗೆ ಸಕ್ಕರೆನೇ ಕುಡಿಸ್ತೀಯಲ್ಲೇ," ಎಂದಳು ಅಶ್ವತ್ಥಮ್ಮ. ಅವಳು ಸೆರಗಿನಿಂದ ಗಂಡನ ಬೆವರು ಒರೆಸುತ್ತಿದ್ದಳು.

"ಈಗ ಸಕ್ಕರೆ ತೀರಾ ಇಳಿದುಬಿಟ್ಟಿತ್ತು ಅಕ್ಕಾ. ಮಾತ್ರೆ ನುಂಗಿ ಊಟ ಬಿಟ್ರೆ ಹಿಂಗೇ ಆಗೋದು. ಅದಿರ್ಲಿ, ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಹೆಂಗೆ ಹಾಕ್ತೀರಿ?"

ರೇಷ್ಮೆ ಹುಳು ಪೊರೆ ಬಿಡುವ ಹೊತ್ತನ್ನು ಸಾಕುವವರು ಜ್ವರ ಎನ್ನುತ್ತಾರೆ. ಅಶ್ವತ್ಥಮ್ಮನಿಗೆ ಅದು ಕರತಲಾಮಲಕ. "ಎಳೆ ಸೊಪ್ಪು, ಸ್ವಲ್ಪ ಸ್ವಲ್ಪ. ಒಂದೇ ಸಲ ಸುರಿದ್ರೆ ಕೆಡ್ತವೆ. ಹಾಕ್ದೇ ಇದ್ರೆ ಬಡಕಲಾಗ್ತವೆ."

"ಹುಳಕ್ಕೆ ಇರೋ ಅಳತೆ ಅಣ್ಣನ ತಟ್ಟೆಗೆ ಬೇಡ್ವಾ ಅಕ್ಕಾ?"

ಮಾರನೇ ದಿನವೇ ಅಶ್ವತ್ಥಮ್ಮ ಗಂಡನನ್ನು ಮಾಲೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿ, ಊಟ ಎಷ್ಟಿರಬೇಕೆಂದು ತಿಳಿಸಿಕೊಟ್ಟರು.

ಮುಂದಿನ ಭಾನುವಾರ ತಬಸ್ಸುಮ್ ಅಡುಗೆಮನೆಗೇ ಬಂದು ಕೂತಳು. ಪಾವು ಕೈಗೆತ್ತಿಕೊಂಡ ಅಶ್ವತ್ಥಮ್ಮ ಎರಡು ಪಾವಿನ ಬದಲು ಅಕ್ಕಿಯನ್ನು ಅರ್ಧ ಪಾವಿಗೇ ನಿಲ್ಲಿಸಿದಳು. ಬೇಳೆ ಅದೇ ಒಂದು ಪಾವು. ಆಲೂಗಡ್ಡೆಯ ಬದಲು ಹುರುಳಿಕಾಯಿ, ನವಿಲುಕೋಸು, ಒಂದು ಹಿಡಿ ಅವರೆಕಾಳು. ಒಂದು ದೊಡ್ಡ ಹೂಕೋಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುರಿದಳು. ಬೇಳೆ, ಅಕ್ಕಿ, ತರಕಾರಿ ಎಲ್ಲ ಬೆಂದು ಪುಡಿ, ಹುಣಸೆರಸ ಬಿದ್ದು ಕುದಿ ಬಂದ ಮೇಲೆ, ಕೊನೆಯಲ್ಲಿ ತುರಿ ಹಾಕಿ ಐದೇ ನಿಮಿಷ ಮುಚ್ಚಿಟ್ಟಳು. ಮೊದಲೇ ಹಾಕಿದ್ದರೆ ಗಂಜಿಯಾಗುತ್ತಿತ್ತು. ಒಗ್ಗರಣೆಗೆ ಕಡಲೆಕಾಯಿ ಬೀಜ, ಒಂದೇ ಚಮಚ ತುಪ್ಪ. ಮೇಲೆ ಬೂಂದಿಯಿಲ್ಲ.

ಕೋದಂಡರಾಮಪ್ಪ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. ಅಶ್ವತ್ಥಮ್ಮ ಸೌಟು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

"ಏನೇ, ಪುಡಿ ಅದೇ ತಾನೇ?"

"ಅದೇರೀ. ಯಾಕೆ?"

"ರುಚಿ ಅದೇ ಐತೆ. ತರಕಾರಿ ಜಾಸ್ತಿ ಸಿಗ್ತೈತೆ, ಅಷ್ಟೆ."

ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿದರೆ ನೂರ ಎಪ್ಪತ್ತೆಂಟು. ಅಶ್ವತ್ಥಮ್ಮ ಆ ಮಿಷನ್ನನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದಳು. ಈ ಸಲ ಮಿಷನ್ ಕೆಟ್ಟಿದೆ ಎನ್ನಲಿಲ್ಲ.

ಮಾತ್ರೆ, ಪಟ್ಟಿ, ಅಳತೆಯ ಊಟ ಮೂರೂ ತಪ್ಪದೆ ನಡೆದವು. ಎರಡು ತಿಂಗಳಿಗೆ ಡಾಕ್ಟರು ಬೆರಳನ್ನು ಒತ್ತಿ ನೋಡಿ, "ಗಾಯ ಮಾಯ್ದಿದೆ, ಬೆರಳಿಗೆ ಭಯ ಇಲ್ಲ," ಎಂದರು. ಮಾಸ್ತಿಗೆ ಬರುವ ಬಸ್ಸಿನಲ್ಲಿ ಅಶ್ವತ್ಥಮ್ಮ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಕೋದಂಡರಾಮಪ್ಪ ಹೊಸ ಚಪ್ಪಲಿಯನ್ನು ನೋಡಿಕೊಳ್ಳುತ್ತಾ ಕೂತಿದ್ದ. ಇನ್ನು ಬರಿಗಾಲಲ್ಲಿ ತೋಟಕ್ಕೆ ಕಾಲಿಡುವಂತಿಲ್ಲ ಎಂದು ಅವಳು ಕಟ್ಟುನಿಟ್ಟು ಮಾಡಿದ್ದಳು.

ಈಗಲೂ ಊರಿನವರು ಅಡುಗೆಗೆ ಅವಳನ್ನೇ ಕರೆಯುತ್ತಾರೆ. ಅವಳು ಮೊದಲು ಕೇಳುವುದು ಒಂದೇ ಮಾತು: "ನಿಮ್ಮನೇಲಿ ಸಕ್ಕರೆಯವ್ರು ಎಷ್ಟು ಜನ? ಅವ್ರಿಗೆ ಬೇರೆ ಪಾತ್ರೆ ಬೇಡ, ಎಲ್ರಿಗೂ ಅಕ್ಕಿ ಕಡಿಮೆ ಇರೋ ಬಾತೇ ಮಾಡ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಸಿಹಿ ಬಿಟ್ಟರೆ ಸಾಲದು, ಅನ್ನ ಮುದ್ದೆಗೂ ಅಳತೆ ಬೇಕು. ಆದರೆ ಹೆದರಿ ಒಂದೇ ಸಲ ಊಟ ಬಿಡಿಸಬೇಡಿ, ಮಾತ್ರೆಯನ್ನೂ ನಿಲ್ಲಿಸಬೇಡಿ. ಮೊದಲು ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ. ಗಾಯವಾಗಿದೆಯೇ ಎಂದು ದಿನಕ್ಕೊಮ್ಮೆ ಅವರ ಪಾದ ನೋಡಿ. ಈ ಭಾನುವಾರ ಅಕ್ಕಿ ಡಬ್ಬಿಗೆ ಕೈ ಹಾಕಿದಾಗ ಅಶ್ವತ್ಥಮ್ಮನ ಹಾಗೆ ಪಾವನ್ನು ಅರ್ಧಕ್ಕೇ ನಿಲ್ಲಿಸಿ. ನಿಮ್ಮವರಿಗೆ ಎರಡನೇ ಸಲ ಬಡಿಸುವ ಆಸೆಯಿದ್ದರೆ ತರಕಾರಿ ಪಲ್ಯ ಬಡಿಸಿ.