ಕಡಿಮೆ ಕ್ರಯದ ಗಣಿತ

ಮೀನಿನ ವಿಷಯದಲ್ಲಿ ನನ್ನ ಅಮ್ಮನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ. ಎರ್ಮಾಳಿನ ನಮ್ಮ ಮನೆಯಿಂದ ಮುಂಜಾನೆಯೇ ಹೊರಟು, ಮಲ್ಪೆಯಲ್ಲಿ ಮೀನು ಕೊಂಡು, ಎಂಟು ಗಂಟೆಗೆ ಕಾಪುವಿನ ಮಾರ್ಕೆಟ್ಟಿನಲ್ಲಿ ಬುಟ್ಟಿ ಬಿಚ್ಚಿ ಕೂರುವ ಚಂಪಾ ಎಂದರೆ ಮಲ್ಪೆಯ ಸಗಟು ವ್ಯಾಪಾರಿಗಳಿಗೂ ಸ್ವಲ್ಪ ಭಯವೇ. ಕ್ರಯ ಕೇಳುವ ಮೊದಲು ಅವಳು ಮೀನಿನ ಕಿವಿರು ಎತ್ತಿ ನೋಡುತ್ತಾಳೆ, ಕೆಂಪಗಿದ್ದರೆ ಮಾತ್ರ ಮುಂದಿನ ಮಾತು. ಆಮೇಲೆ ವ್ಯಾಪಾರಿಯ ಮುಖ ನೋಡಿ ಕೇಳುತ್ತಾಳೆ: "ಇದರಲ್ಲಿ ನಿನ್ನೆಯದು ಯಾವುದು?" ಎಲ್ಲವೂ ಇವತ್ತಿನದೇ ಎಂದವನನ್ನು ಬಿಟ್ಟು ಮುಂದೆ ಹೋಗುತ್ತಾಳೆ. ಈ ನಾಲ್ಕು ನಿನ್ನೆಯದು ಅಕ್ಕ ಎಂದು ತಾನಾಗಿ ತೆಗೆದಿಟ್ಟವನ ಹತ್ತಿರವೇ ಉಳಿದದ್ದನ್ನು ಕೊಳ್ಳುತ್ತಾಳೆ.

ಅವಳದ್ದು ಇನ್ನೊಂದು ವೇದವಾಕ್ಯ ಉಂಟು. ಒಳ್ಳೆಯ ಮೀನನ್ನು ಯಾರೂ ಕಮ್ಮಿಗೆ ಕೊಡುವುದಿಲ್ಲ. ಕಮ್ಮಿಗೆ ಕೊಡುತ್ತಾರೆ ಎಂದರೆ ಅದು ಐಸಿನಲ್ಲಿ ನಾಲ್ಕು ದಿನ ಮಲಗಿ ಎದ್ದದ್ದು. ಈ ವೇದವನ್ನು ಅವಳು ಮೀನಿಗಷ್ಟೇ ಬಿಟ್ಟಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದನ್ನು ತಂದು ನನ್ನ ಡಿಗ್ರಿಗೂ ಹಚ್ಚಿದಳು ನೋಡಿ, ಅಲ್ಲಿಂದ ಶುರುವಾಯಿತು ರಾಮಾಯಣ.

ಪಿಯುಸಿಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಿತ್ತು. ಬಿ.ಎಸ್ಸಿ.ಯಲ್ಲಿ ಗಣಿತ ಓದಬೇಕು ಎಂದು ನಾನು ಹಟ ಹಿಡಿದೆ. ಮಾರ್ಕೆಟ್ಟಿನ ಬಾಗಿಲಲ್ಲಿ ತರಕಾರಿ ಮಾರುವ ಎಲಿಜಬೆತ್ ಬಾಯಿ ಅಮ್ಮನ ಜೀವದ ಗೆಳತಿ. "ಗಣಿತ ಕಲಿತು ಎಂತ ಮಾಡ್ಲಿಕ್ಕುಂಟು ಚಂಪಾ? ನರ್ಸಿಂಗ್ ಮಾಡಿಸು, ಕುವೈಟಿಗೆ ಹೋಗ್ತಾಳೆ" ಎಂದು ಅವರು ಬುದ್ಧಿ ಹೇಳಿದರು. ಅಮ್ಮ ಒಪ್ಪಲಿಲ್ಲ. ಬೋಟಿಗೆ ಹೋಗುವ ಅಪ್ಪ ಭೋಜ ಎಂದಿನಂತೆ, "ನಿನ್ನ ಅಮ್ಮ ಹೇಳಿದ ಹಾಗೆ" ಎಂದು ಬಲೆ ಹೊಲಿಯಲು ಕೂತರು.

ಮೊದಲು ಹೋದದ್ದು ಮಣಿಪಾಲದ ಒಂದು ಖಾಸಗಿ ಕಾಲೇಜಿಗೆ. ಗಾಜಿನ ಬಾಗಿಲು, ಕಾಲಿಟ್ಟರೆ ಜಾರುವ ನೆಲ, ಕುಡಿಯಲು ತಣ್ಣಗಿನ ನೀರು. ಟೈ ಕಟ್ಟಿದವರೊಬ್ಬರು ನಮ್ಮನ್ನು ಕೂರಿಸಿ ವರ್ಷದ ಫೀಸು ಹೇಳಿದರು. ನಾನು ಕುರ್ಚಿಯ ತುದಿಗೆ ಸರಿದೆ. ಅಮ್ಮನ ಮುಖ ಮಾತ್ರ ಅರಳಿತು! ಇಷ್ಟು ದುಬಾರಿ ಎಂದರೆ ಇದು ಬೆಳಗ್ಗಿನ ಬೋಟಿನದ್ದೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕಾಲು ಭಾಗಕ್ಕೆ ಕೊಡುತ್ತೀರಾ ಎಂದು ಚೌಕಾಸಿಗೂ ಇಳಿದಳು. ಅವರು ಪಾಪ, ನಗು ತಡೆದುಕೊಂಡು ಇನ್ನೊಂದು ಲೋಟ ನೀರು ತರಿಸಿದರು. ನಾನು ನೆಲ ನೋಡುತ್ತ ಕೂತೆ. ಅಲ್ಲಿಗೆ ಸೇರುವ ತಾಕತ್ತು ನಮಗಿರಲಿಲ್ಲ. ಅದು ಅಮ್ಮನಿಗೂ ಗೊತ್ತಿತ್ತು.

ಮರುದಿನವೂ ಮಾರ್ಕೆಟ್ಟು ಮುಗಿಸಿಯೇ ಕಾರ್ಕಳದ ಬಸ್ಸು ಹತ್ತಿದೆವು. ಆ ಕಡೆಯ ಒಂದು ಸರಕಾರಿ ಕಾಲೇಜು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿನ ಮೇಷ್ಟ್ರು ನಾಚಿಕೊಂಡಾರು. ಗಣಿತಕ್ಕೆ ಸೀಟು ಇತ್ತು. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಫೀಸು ಹೇಳಿದರು. ಒಂದು ದೊಡ್ಡ ಅಂಜಲ್ ಮೀನು ಮಾರಿದರೆ ಬರುವಷ್ಟು ಹಣ! ನನಗೆ ಕುಣಿಯಬೇಕು ಅನ್ನಿಸಿತು. ಅಮ್ಮ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ತಿಂಗಳಿಗಾ?"

"ಇಲ್ಲಮ್ಮ, ವರ್ಷಕ್ಕೆ."

"ಬೇಡ" ಎಂದು ನನ್ನ ಕೈ ಹಿಡಿದು ಎಳೆದುಕೊಂಡೇ ಹೊರಟಳು.

ಬಸ್ಸಿನಲ್ಲಿ ನಾನು ಅತ್ತೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ನನ್ನ ಮಗಳ ನೂರಕ್ಕೆ ನೂರು ತೆಗೊಂಡು ಹೋಗಿ ಕೊಳೆತ ಬೂತಾಯಿ ಮೀನಿನ ರಾಶಿಗೆ ಹಾಕುದಾ? ಅದಕ್ಕಿಂತ ಗಣಿತ ಓದುದೇ ಬೇಡ. ನರ್ಸಿಂಗೇ ಆಗ್ಲಿ" ಎಂದಳು. ಅವಳಿಗೆ ನನ್ನ ಮೇಲೆ ಅಭಿಮಾನ ಹೆಚ್ಚಾದದ್ದೇ ನನಗೆ ಮುಳುವಾಯಿತು. ಸೇರಲು ಉಳಿದದ್ದು ಎರಡೇ ದಿನ.

ಆ ಸಂಜೆ ಅವಳು ಬುಟ್ಟಿ ತೊಳೆಯುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ಅತ್ತರೆ ಕರಗುವ ಹೆಂಗಸಲ್ಲ ಅವಳು. ಲೆಕ್ಕದಲ್ಲಿ ಸೋತರೆ ಮಾತ್ರ ಒಪ್ಪುತ್ತಾಳೆ.

"ಅಮ್ಮ, ಮಲ್ಪೆಯಲ್ಲಿ ನೀನು ಕ್ರಯ ಕೇಳಿಯೇ ಮೀನು ಬಿಟ್ಟು ಬರ್ತೀಯಾ?"

"ಹೇಗೆ ಬರುದು? ಕಿವಿರು ನೋಡದೆ ಹೇಗೆ ಗೊತ್ತಾಗ್ತದೆ?"

"ಇವತ್ತು ನೋಡಿದ್ಯಾ?"

ಅಮ್ಮನ ಕೈ ನಿಂತಿತು. ಬುಟ್ಟಿಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು.

"ನಾಳೆ ಮಾರ್ಕೆಟ್ಟಿಗೆ ರಜೆ" ಎಂದಳು.

ಇಪ್ಪತ್ತು ವರ್ಷಗಳಲ್ಲಿ ಅವಳು ತಾನಾಗಿ ರಜೆ ಮಾಡಿದ್ದು ನನ್ನನ್ನು ಹೆತ್ತಾಗ ಮತ್ತು ಅವತ್ತು.

ಮರುದಿನ ಅದೇ ಕಾಲೇಜಿಗೆ ಹೋದಾಗ ಅವಳು ಆಫೀಸಿನ ಕಡೆ ತಲೆ ಹಾಕಲಿಲ್ಲ, ನೇರ ಗಣಿತ ವಿಭಾಗಕ್ಕೆ ನಡೆದಳು. ಎರಡನೇ ವರ್ಷದವರಿಗೆ ಪಾಠ ನಡೆಯುತ್ತಿತ್ತು. ಕಿಟಕಿಯ ಪಕ್ಕ ನಿಂತು ಅರ್ಧ ಗಂಟೆ ನೋಡಿದಳು. ಪಾಠ ಮಾಡುತ್ತಿದ್ದವರು ಕುಕ್ಕುಂದೂರಿನ ಎಡ್ವಿನ್ ಸರ್. ಅಂಗಿಯ ತೋಳೆಲ್ಲ ಸೀಮೆಸುಣ್ಣ. ಪಾಠ ಮುಗಿಸಿ ಹೊರಬಂದವರನ್ನು ಅಮ್ಮ ತಡೆದಳು.

"ಸರ್, ಇದರಲ್ಲಿ ನಿನ್ನೆಯದು ಯಾವುದು?"

ಅವರು ಕಕ್ಕಾಬಿಕ್ಕಿಯಾದರು. ನಾನು ನಾಚಿಕೆಯಿಂದಲೇ ವಿವರಿಸಿದೆ. ಅಮ್ಮ ಮೀನು ಮಾರುವವಳು, ಫೀಸು ಕಮ್ಮಿ ಎಂದು ಅನುಮಾನ, ನಿಮ್ಮಲ್ಲಿ ಏನು ಚಂದ ಇಲ್ಲ ಎಂದು ನೀವೇ ಹೇಳಬೇಕಂತೆ. ಬೈದು ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ನಿಜವಾಗಿಯೂ ಯೋಚಿಸಿದರು.

"ಲೈಬ್ರರಿಯಲ್ಲಿ ಹಳೇ ಪುಸ್ತಕಗಳೇ ಹೆಚ್ಚು. ಕೊನೆಯ ಕೋಣೆ ಮಳೆಗೆ ಸೋರ್ತದೆ. ನಾನು ಬೋರ್ಡಿನಲ್ಲಿ ತುಂಬ ವೇಗವಾಗಿ ಬರೀತೇನೆ ಅಂತ ಮಕ್ಕಳ ದೂರು ಉಂಟು. ಮತ್ತೆ..." ಎಂದು ತಲೆ ಕೆರೆದುಕೊಂಡರು. "ಕೆಲವು ಪ್ರಶ್ನೆ ಕೇಳಿದರೆ ನನಗೇ ಗೊತ್ತಿರುವುದಿಲ್ಲ ಅಮ್ಮ. ಗೊತ್ತಿಲ್ಲ ಅಂತಲೇ ಹೇಳ್ತೇನೆ. ಮನೆಗೆ ಹೋಗಿ ಲೆಕ್ಕ ಮಾಡಿ ಮರುದಿನ ಉತ್ತರ ತರ್ತೇನೆ."

"ಮರುದಿನ ತರ್ತೀರಾ?"

"ತರ್ತೇನೆ. ಒಮ್ಮೊಮ್ಮೆ ಒಂದು ವಾರ ಆಗುದುಂಟು."

ಅಮ್ಮ ಅವರ ಮುಖವನ್ನೇ ನೋಡಿದಳು. "ಹಾಗಾದ್ರೆ ಇಷ್ಟು ಕಮ್ಮಿಗೆ ಯಾಕೆ ಕೊಡುದು?"

"ಕಮ್ಮಿ ಎಲ್ಲಿ? ಉಳಿದದ್ದನ್ನು ಸರಕಾರ ಕೊಡ್ತದೆ. ಸರಕಾರಕ್ಕೆ ಎಲ್ಲಿಂದ ಬಂತು? ನೀವು ಸಾಬೂನು ತೆಗೊಂಡಾಗ, ಚಪ್ಪಲಿ ಕೊಂಡಾಗ ಎಲ್ಲ ತೆರಿಗೆ ಕೊಟ್ಟಿದ್ದೀರಿ ಅಲ್ವಾ? ಇವಳ ಫೀಸು ನೀವು ಎಷ್ಟೋ ವರ್ಷದಿಂದ ಕಟ್ಟುತ್ತಾ ಬಂದಿದ್ದೀರಿ."

ನನ್ನ ಅಮ್ಮ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು. ಮಣಿಪಾಲದ ಗಾಜಿನ ಬಾಗಿಲಿನ ಎದುರೂ ಅವಳು ಹಾಗೆ ನಿಂತಿರಲಿಲ್ಲ. "ಹಾಗಾದ್ರೆ ಇದು ನಂದೇ ಕಾಲೇಜು!" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಗದರಿದಳು: "ಎಂತ ನೋಡ್ತಾ ನಿಂತಿದ್ದಿ? ಫಾರ್ಮ್ ತಾ."

ಮೂರು ವರ್ಷ ನಾನು ಎರ್ಮಾಳಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ. ನಂದಿಕೂರಿನ ವಿದ್ಯುತ್ ಸ್ಥಾವರದ ದೊಡ್ಡ ಚಿಮಣಿ ಕಂಡಾಗ ಪುಸ್ತಕ ತೆರೆದರೆ ಕಾರ್ಕಳದ ಸ್ಟ್ಯಾಂಡಿನಲ್ಲಿ ಮುಚ್ಚುವುದು. ಎಡ್ವಿನ್ ಸರ್ ಕೆಲವು ಸಲ "ಗೊತ್ತಿಲ್ಲ" ಎಂದರು, ಪ್ರತಿ ಸಲವೂ ಉತ್ತರ ತಂದರು. ಒಮ್ಮೆ ನಿಜವಾಗಿಯೂ ಹತ್ತು ದಿನ ಹಿಡಿಯಿತು. ಕೊನೆಗೆ ಬಿ.ಎಸ್ಸಿ.ಯಲ್ಲಿ ನನಗೆ ರ‍್ಯಾಂಕ್ ಬಂತು. ಎಂ.ಎಸ್ಸಿ.ಯೂ ಮುಗಿಯಿತು. ಈ ವರ್ಷ ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಈಗ ನನ್ನ ತೋಳಿಗೂ ಸೀಮೆಸುಣ್ಣ.

ಮೊನ್ನೆ ದಾಖಲಾತಿಯ ಸಮಯ. ನಾನು ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದೆ. ಕಿಟಕಿಯಲ್ಲಿ ಪರಿಚಯದ ಸೀರೆ ಕಂಡಿತು. ಅಮ್ಮ! ಅವಳ ಪಕ್ಕದಲ್ಲಿ ಎಲಿಜಬೆತ್ ಬಾಯಿ, ಹಿಂದೆ ಅವರ ಮಗಳು ಡಿಂಪಲ್. ಅವಳಿಗೂ ಗಣಿತವೇ ಬೇಕಂತೆ. ಎಲಿಜಬೆತ್ ಬಾಯಿಯ ಮುಖ ಗಂಟಾಗಿತ್ತು. "ಇಷ್ಟು ಕಮ್ಮಿಗೆ ಎಂತ ಕಲಿಸ್ತಾರೆ ಮಾರಾಯ್ತಿ?" ಎಂದು ಅವರು ಪಿಸುಗುಟ್ಟಿದ್ದು ನನ್ನವರೆಗೂ ಕೇಳಿತು.

"ಬಾಯಿ ಮುಚ್ಚಿ ನೋಡು" ಎಂದಳು ಅಮ್ಮ.

ಅದೇ ಹೊತ್ತಿಗೆ ಹಿಂದಿನ ಬೆಂಚಿನ ಶ್ರವಣ್ ಎದ್ದು ನಿಂತ. ಯಾವಾಗಲೂ ಬೇಡದ ಹೊತ್ತಿನಲ್ಲಿ ಒಳ್ಳೆಯ ಪ್ರಶ್ನೆ ಕೇಳುವ ಹುಡುಗ. ಕೇಳಿದ. ನಾನು ಬೋರ್ಡ್ ನೋಡಿದೆ, ಮನಸ್ಸಿನಲ್ಲಿ ಎರಡು ಹೆಜ್ಜೆ ಹಾಕಿದೆ, ಮೂರನೆಯದು ಸಿಗಲಿಲ್ಲ. ಕಿಟಕಿಯಲ್ಲಿ ಅಮ್ಮ, ಅಮ್ಮನ ಪಕ್ಕ ಅನುಮಾನದ ಕಣ್ಣು. ಏನಾದರೂ ಹೇಳಿ ದಾಟಿಸಬಹುದಿತ್ತು, ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟೆ.

"ನನಗೆ ಗೊತ್ತಿಲ್ಲ, ಶ್ರವಣ್. ಇವತ್ತು ಕೂತು ನೋಡ್ತೇನೆ. ನಾಳೆ ಹೇಳ್ತೇನೆ."

ಕಿಟಕಿಯಿಂದ ಮಾರ್ಕೆಟ್ಟಿನ ಗಂಟಲು ಇಡೀ ತರಗತಿಗೆ ಕೇಳಿಸಿತು.

"ಕೇಳಿತಾ ಬಾಯಿ? ನಿನ್ನೆಯದು ಯಾವುದು ಅಂತ ನನ್ನ ಮಗಳೇ ತೆಗೆದಿಟ್ಟಳು! ನಡೆ, ಫಾರ್ಮ್ ತುಂಬು."