ಐದು ಹೆಸರಿನ ಒಲೆ

ಆ ಅಡುಗೆಮನೆಗೆ ಬೋರ್ಡು ಇರಲಿಲ್ಲ. ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿ ಅರ್ಧ ಎತ್ತಿದ ಶಟರ್, ಒಳಗೆ ಮಸಿ ಹಿಡಿದ ಒಲೆ, ಗೋಡೆಯ ಮೇಲೆ ಆರ್ಡರ್ ತೋರಿಸುವ ಟಿವಿಯಂಥ ಒಂದು ಪರದೆ. ಊಟ ತರಿಸುವ ಫೋನಿನ ಆ್ಯಪಿನಲ್ಲಿ ಮಾತ್ರ ಅದಕ್ಕೆ ಐದು ಹೋಟೆಲಿನ ಹೆಸರು. ಒಂದರ ಪಕ್ಕ ನಗುವ ಅಜ್ಜಿಯ ಚಿತ್ರ, ಇನ್ನೊಂದರ ಪಕ್ಕ ಟೋಪಿ ಹಾಕಿದ ಬಾಣಸಿಗ, ಮತ್ತೊಂದಕ್ಕೆ ಬರೀ ಹಸಿರು ಎಲೆ. ಅಜ್ಜಿಯ ಕೋಳಿ ಸೂಪೂ ಬಾಣಸಿಗನ ಕೋಳಿ ಸೂಪೂ ಕುದಿಯುತ್ತಿದ್ದದ್ದು ಒಂದೇ ಪಾತ್ರೆಯಲ್ಲಿ. ಡಬ್ಬಿಗೆ ಅಂಟಿಸುವ ಚೀಟಿ ಮಾತ್ರ ಬೇರೆ.

"ದೊಡ್ಡಕ್ಕ, ಅಜ್ಜಿಗೆ ಎರಡು ಸೂಪು! ಬೇಗ, ಅಜ್ಜಿ ಸಿಟ್ಟಾಗ್ತಾಳೆ," ಎಂದು ಜಡೆ ಕೂಗುತ್ತಿದ್ದಳು.

"ನನಗೂ ವಯಸ್ಸಾಯ್ತು ಅಂತ ಹೇಳು ನಿಮ್ಮಜ್ಜಿಗೆ."

ಒಲೆ ನೋಡಿಕೊಳ್ಳುವವಳು ದೊಡ್ಡಕ್ಕ. ಹೆಚ್ಚುವುದು, ಡಬ್ಬಿ ತುಂಬುವುದು ಜಡೆಯ ಕೆಲಸ. ಸೊಂಟ ದಾಟುವ ಕೂದಲಿನಿಂದ ಅವಳಿಗೆ ಆ ಹೆಸರು ಬಂದಿತ್ತು. ಕೆಲಸದ ಹೊತ್ತಿನಲ್ಲಿ ಅದನ್ನೆಲ್ಲ ಸುತ್ತಿ ಟೋಪಿಯೊಳಗೆ ತುರುಕಿ, ತಲೆಯ ಮೇಲೆ ಕುಂಬಳಕಾಯಿ ಹೊತ್ತವಳಂತೆ ಓಡಾಡುತ್ತಿದ್ದಳು. ಗಂಡ ಮನೆ ಬಿಟ್ಟು ಹೋಗಿದ್ದ. ಹಾಸಿಗೆ ಹಿಡಿದ ಅತ್ತೆ ಇವಳ ಪಾಲಿಗೆ ಉಳಿದಿದ್ದಳು. "ಹೋಗೋ ಅವಸರದಲ್ಲಿ ಅವರಮ್ಮನ್ನ ಮರೆತು ಹೋದ ನೋಡಿ," ಎಂದು ನಗುತ್ತಿದ್ದಳು. ಆ ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ.

ದೊಡ್ಡಕ್ಕ ಕೆಲಸಕ್ಕೆ ಸೇರಿದಾಗ ಯಾವ ಹೋಟೆಲ್ಲು ಎಂದು ಅವಳ ಮನೆಯಲ್ಲಿ ಯಾರೂ ಕೇಳಲಿಲ್ಲ. ಸಂಜೆಯ ಅಡುಗೆ ತನ್ನಿಂದಾಗದು ಎಂದಾಗ ಮಗಳು, "ಬಿಡಮ್ಮ, ನಾವು ತರಿಸ್ಕೋತೀವಿ," ಎಂದಿದ್ದಳು, ಅಷ್ಟೆ. ಹಾಗಿರುವಾಗ ಒಂದು ದಿನ ಮನೆಯ ಕಸದ ಬುಟ್ಟಿಯಲ್ಲಿ ಅಜ್ಜಿಯ ಚಿತ್ರದ ಡಬ್ಬಿ ಕಂಡಿತು. ಚೀಟಿ ವಾರೆಯಾಗಿ ಅಂಟಿತ್ತು, ಜಡೆ ಯಾವಾಗಲೂ ಅಂಟಿಸುವ ಹಾಗೆ.

ಗಂಡ ಕೈ ಒರೆಸಿಕೊಳ್ಳುತ್ತ ಬಂದ. "ಸೂಪು ಅಂದ್ರೆ ಇದು ನೋಡೇ. ನೀನೂ ಮಾಡ್ತಿದ್ದೆ, ಪಾತ್ರೆ ತೊಳೆದ ನೀರು."

ಸಂಸಾರ ಶುರುವಾದ ಮೇಲೆ ಅವಳ ಅಡುಗೆಗೆ ಅವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಮಾಡಿದ್ದು ನಾನೇ ಎಂದುಬಿಟ್ಟರೆ ಆ ಕ್ಷಣವೇ ಸೂಪಿಗೆ ಉಪ್ಪು ಕಡಿಮೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಅಜ್ಜಿಯ ಹೆಸರಿಗೆ ಬಂದ ಸೂಪಿಗೆಲ್ಲ ಒಂದು ಚಿಟಿಕೆ ಮೆಣಸು ಹೆಚ್ಚಿಗೆ ಉದುರಿಸತೊಡಗಿದಳು, ಗಂಡನಿಗೆ ಖಾರ ಇಷ್ಟವೆಂದು. ಪರದೆಯಲ್ಲಿ ವಿಳಾಸ ಕಾಣುತ್ತಿರಲಿಲ್ಲ. ಯಾವುದು ತನ್ನ ಮನೆಗೆ ಹೋಗುವುದೆಂದು ತಿಳಿಯದೆ, ಕಂಡಕಂಡವರ ಮನೆಗೆಲ್ಲ ಅವನ ರುಚಿಯನ್ನೇ ಕಳಿಸುತ್ತಿದ್ದಳು. ಅದೊಂದು ಗುಟ್ಟಿನ ಸುಖವಾಗಿತ್ತು. ಒಲೆಯ ಮುಂದೆ ಒಬ್ಬಳೇ ನಗುವುದನ್ನು ನೋಡಿ ಜಡೆ, "ಏನಕ್ಕ, ಯಾರಾದ್ರೂ ಸಿಕ್ಕಿದ್ರಾ?" ಎಂದು ಕಾಲೆಳೆಯುತ್ತಿದ್ದಳು.

ಆ ಮಧ್ಯಾಹ್ನ ಮ್ಯಾನೇಜರ್ ಶಟರ್ ಪೂರ್ತಿ ಎತ್ತಿಕೊಂಡು ಒಳಗೆ ಬಂದ. ಪರದೆಯ ಮೇಲೆ ಒಂದು ಫೋಟೋ ಹಾಕಿದ. ತಟ್ಟೆಯಲ್ಲಿ ಸೂಪು, ಸೂಪಿನಲ್ಲಿ ಉದ್ದನೆಯ ಕಪ್ಪು ಕೂದಲು.

"ಅಜ್ಜಿ ಹೆಸರಿಗೆ ಇಂಥ ದೂರು ಮತ್ತೆ ಮತ್ತೆ ಬರ್ತಿದೆ. ಆ್ಯಪಿಂದಾನೇ ತೆಗೆದುಹಾಕ್ತಾರಂತೆ. ಇದಕ್ಕೆ ಯಾರನ್ನ ಕೆಲಸದಿಂದ ಬಿಡಿಸಿದ್ರಿ ಅಂತ ನಾನು ಇವತ್ತೇ ತಿಳಿಸಬೇಕು. ಜಡೆ, ಟೋಪಿ ತೆಗಿ."

"ಸಾರ್, ನನ್ನ ಕೂದಲು ಅಷ್ಟು ಗಿಡ್ಡ ಇಲ್ಲ ಸಾರ್," ಎಂದಳು ಜಡೆ. ತಮಾಷೆ ಮಾಡಲು ಹೋದ ದನಿ ಅರ್ಧಕ್ಕೇ ನಿಂತಿತು.

ದೊಡ್ಡಕ್ಕ ಕೂದಲನ್ನು ನೋಡುತ್ತಿರಲಿಲ್ಲ. ತಟ್ಟೆಗೆ ನೀಲಿ ಅಂಚು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. ಹಾರಿಸಿದ್ದು ಅವಳೇ, ಮನೆಯ ನಲ್ಲಿಗೆ ತಾಗಿಸಿ. ಹಿಂದಿನ ರಾತ್ರಿ ಮಗಳು ಅಪ್ಪನಿಗೆ ಹೇಳಿದ್ದು ನೆನಪಾಯಿತು. "ಇವತ್ತಿನ ಊಟ ಪುಕ್ಕಟೆ ಅಪ್ಪ, ದುಡ್ಡು ವಾಪಸ್ ಬಂತು." ಹೇಗೆ ಎಂದು ಇವಳು ಕೇಳಿದ್ದಕ್ಕೆ, "ಅದಕ್ಕೊಂದು ಉಪಾಯ ಇದೆ, ನಿಂಗೆ ಅರ್ಥ ಆಗಲ್ಲ ಬಿಡು," ಎಂದಿದ್ದಳು. ಅಪ್ಪ ನಕ್ಕಿದ್ದ.

ಬಾಯಿ ಬಿಟ್ಟರೆ ಮಗಳು ಕಳ್ಳಿ. ಬಿಡದಿದ್ದರೆ ಜಡೆ ಬೀದಿಗೆ. ಜಡೆ ಆಗಲೇ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು.

"ಅದು ನಮ್ಮನೆ ತಟ್ಟೆ," ಎಂದಳು ದೊಡ್ಡಕ್ಕ. "ಕೂದಲು ನನ್ನ ಮಗಳದ್ದು. ಅವಳೇ ಹಾಕಿರೋದು, ದುಡ್ಡು ವಾಪಸ್ ಬರ್ಲಿ ಅಂತ."

ಮ್ಯಾನೇಜರ್ ಅವಳನ್ನೇ ನೋಡಿದ. ನಂಬಿದನೆಂದು ಮುಖ ಹೇಳುತ್ತಿತ್ತು. "ಯಾರ ಹತ್ರ ಹೇಳ್ಲಿ ಇದನ್ನ? ಅಲ್ಲಿ ಕೇಳೋಕೆ ಮನುಷ್ಯರೇ ಇಲ್ಲ, ದೊಡ್ಡಕ್ಕ. ಯಾಕೆ ಏನು ಅಂತ ಬರೆಯೋ ಜಾಗಾನೂ ಇಲ್ಲ. ಯಾರನ್ನ ತೆಗೆದ್ರಿ ಅಂತಷ್ಟೇ ಕೇಳ್ತದೆ ಆ ಆ್ಯಪು."

"ಹಾಗಾದ್ರೆ ನನ್ನ ಹೆಸರು ಹಾಕಿ."

"ಅಕ್ಕಾ, ಹುಚ್ಚಾ ನಿಮಗೆ?" ಜಡೆ ಅವಳ ಮೊಣಕೈ ಹಿಡಿದಳು.

"ಒಲೆ ಯಾರು ನೋಡ್ತಾರೆ?" ಎಂದ ಮ್ಯಾನೇಜರ್. ಅವನಿಗಿದ್ದ ಚಿಂತೆ ಅದೊಂದೇ.

"ಇವಳಿಗೆ ಬರ್ತದೆ. ನಾನೇ ಕಲಿಸಿದ್ದೀನಿ."

ಅಂದು ಸಂಜೆ ಅವಳು ಬೇಗ ಮನೆಗೆ ಬಂದಳು. ಚಪ್ಪಲಿ ಬಿಟ್ಟವಳೇ, ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮಗಳ ಮುಖ ಒಂದು ಗಳಿಗೆ ಕೆಂಪಾಯಿತು.

"ಮೊದಲೇ ಹೇಳಬಾರದಿತ್ತಾ ಅಮ್ಮ? ಬೇರೆ ಹೋಟೆಲ್ ಮೇಲೆ ದೂರು ಹಾಕ್ತಿದ್ದೆ."

"ಬೇರೆ ಅಂದ್ರೆ ಯಾವುದು?"

ಮಗಳು ಫೋನು ತೋರಿಸಿದಳು. ಟೋಪಿಯ ಬಾಣಸಿಗ.

"ಅದೂ ನಾವೇ."

"ಇದು?" ಹಸಿರು ಎಲೆ.

"ಅದೂನೂ."

ಗಂಡ ಕುರ್ಚಿಯಿಂದ ತಿರುಗಿದ. "ಅಂದ್ರೆ ಇಷ್ಟು ದಿನ ನಾನು ತಿಂದಿದ್ದು ನಿನ್ನ ಕೈ ಅಡುಗೇನಾ?" ನಾಲಿಗೆಯ ಮೇಲಿನ ಹಳೆಯ ರುಚಿಯನ್ನು ಹುಡುಕುವವನಂತೆ ಬಾಯಿ ಚಪ್ಪರಿಸಿದ. "ಅದಕ್ಕೇ ಮತ್ತೆ, ಈಚೀಚೆಗೆ ಮೆಣಸು ವಿಪರೀತ ಆಗ್ತಿತ್ತು."

ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ವಾಪಸ್ ಬಂದ ದುಡ್ಡಿನಲ್ಲಿ ಮಗಳು ಆಗಲೇ ಆರ್ಡರ್ ಮಾಡಿದ್ದಳು. ಡಬ್ಬಿ ಇನ್ನೂ ಬಿಸಿಯಿತ್ತು, ಚೀಟಿ ವಾರೆಯಾಗಿತ್ತು. ಅಭ್ಯಾಸ ಬಲದಿಂದ ಅವಳ ಕೈಯೇ ಮುಂದೆ ಹೋಗಿ, ನೀಲಿ ಅಂಚಿನ ತಟ್ಟೆಗೆ ಸೂಪು ಸುರಿದು ಗಂಡನ ಮುಂದಿಟ್ಟಿತು.

ಅವನು ಒಂದು ಚಮಚ ಹೀರಿದ. "ಹಾಂ, ಈಗ ಸರಿಯಾಗಿದೆ ನೋಡು."

ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಅವಳು ಅಡುಗೆಮನೆಯಲ್ಲಿ ನಿಂತೇ ಕುಡಿದಳು. ಜಡೆ ಉಪ್ಪು ಹದವಾಗಿ ಹಾಕಿದ್ದಳು. ಮೆಣಸು ಹೆಚ್ಚಿಗೆ ಹಾಕಿರಲಿಲ್ಲ. ಆ ಹೆಚ್ಚಿನ ಚಿಟಿಕೆ ಯಾರಿಗಾಗಿ ಎಂದು ಜಡೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.