ವೀಬ್ಕೆಯ ಉಣ್ಣೆಪಟ್ಟಿ

ಹಿಮ ಬೀಳುವ ಕಡಲತೀರದ ಹುಸುಮ್ ಊರಿನ ಗುರುವಾರದ ಸಂತೆಯಲ್ಲಿ ಹೊಗೆಯಾಡಿಸಿದ ಮೀನು ಮಾರುವ ವೀಬ್ಕೆ, ಮೂವತ್ತು ಚಳಿಗಾಲದಲ್ಲಿ ಒಮ್ಮೆಯೂ ಸೊಂಟಕ್ಕೆ ಉಣ್ಣೆಯ ಪಟ್ಟಿ ಬಿಗಿಯದೆ ಮನೆ ಬಿಟ್ಟವಳಲ್ಲ. ಕಿಡ್ನಿಗೆ ಥಂಡಿ ತಗುಲಬಾರದು ಎಂದು ಹೇಳಿ ಅಮ್ಮ ಹೆಣೆದುಕೊಟ್ಟ ಪಟ್ಟಿ ಅದು. ಆ ಊರಿನ ಅಮ್ಮಂದಿರೆಲ್ಲ ಹಾಗೇ ಹೇಳುತ್ತಿದ್ದರು.

ಆದ್ದರಿಂದ ಜನವರಿಯಲ್ಲಿ ಡಾಕ್ಟರು ರಕ್ತಪರೀಕ್ಷೆಯ ಚೀಟಿ ಮುಂದಿಟ್ಟಾಗ ಅವಳಿಗೆ ಸಿಟ್ಟೇ ಬಂತು. ಕಿಡ್ನಿಗಳ ಕೆಲಸ ಅರ್ಧಕ್ಕಿಂತ ಕೆಳಗಿಳಿದಿತ್ತು. ಹೀಗೇ ಇಳಿಯುತ್ತ ಹೋದರೆ ವಾರಕ್ಕೆ ಮೂರು ದಿನ ರಕ್ತ ಶುದ್ಧಿ ಮಾಡುವ ಯಂತ್ರದ ಪಕ್ಕ ಮಲಗಬೇಕು. ಅಂಗಡಿ ಮುಚ್ಚಿದ ಹಾಗೇ.

"ಒಂದು ದಿನಾನೂ ಚಳಿ ತಾಗಿಸಿಲ್ಲ ನಾನು."

"ಸಂತೆ ದಿನ ನೀರು ಎಷ್ಟು ಕುಡೀತೀರಿ?"

ವೀಬ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಬೆಳಗ್ಗೆ ಐದಕ್ಕೆ ಒಂದು ಕಾಫಿ, ಆಮೇಲೆ ಮಧ್ಯಾಹ್ನ ಮನೆಗೆ ಹೋದ ಮೇಲೇ. ಶೌಚಾಲಯವಿರುವುದು ಚೌಕದಾಚೆಯ ಪುರಭವನದಲ್ಲಿ. ಐದು ಪದರ ಬಟ್ಟೆ ಬಿಚ್ಚಿ ಮತ್ತೆ ಹಾಕಿಕೊಳ್ಳುವ ತನಕ ಅಂಗಡಿ ನೋಡುವವರು ಯಾರು? ಬೆನ್ನು ನೋವು ಎದ್ದರೆ ಒಂದು ಮಾತ್ರೆ, ಕೆಲವೊಮ್ಮೆ ಎರಡು.

"ಪಟ್ಟಿ ಕಟ್ಕೊಳ್ಳಿ, ಬೆನ್ನಿಗೆ ಹಿತ," ಎಂದರು ಡಾಕ್ಟರು. "ಆದ್ರೆ ನಿಮ್ಮ ಕಿಡ್ನಿಗೆ ಬೇಕಾಗಿರೋದು ನೀರು. ಚಳೀಲಿ ಬಾಯಾರಲ್ಲ, ನೆನಪಿಟ್ಟು ಕುಡೀಬೇಕು. ಆ ನೋವಿನ ಮಾತ್ರೆ ಇವತ್ತಿಂದ ಬೇಡ. ಮಾರ್ಚಲ್ಲಿ ಮತ್ತೆ ನೋಡೋಣ."

ನೀರು ಕುಡಿಯುವುದೇನೂ ಕಷ್ಟವಲ್ಲ. ಅಂಗಡಿ ನೋಡಿಕೋ ಎಂದು ಇನ್ನೊಬ್ಬರನ್ನು ಕೇಳುವುದು ಕಷ್ಟ. ಗಂಡ ತೀರಿದ ಮೇಲೆ ಯಾರ ಹಂಗೂ ಇಲ್ಲದೆ ನಡೆಸಿದ ಅಂಗಡಿ ಅದು.

ಮುಂದಿನ ಗುರುವಾರ ಒಂಬತ್ತು ಗಂಟೆಗೇ ತಡೆಯಲಾಗಲಿಲ್ಲ. ಪಕ್ಕದಲ್ಲಿ ಆಲೂಗಡ್ಡೆ ಮಾರುವ ಹಿನ್ನರ್ಕ್‌ನ ಕಡೆ ತಿರುಗಿದಳು.

"ಹತ್ತು ನಿಮಿಷ ಈ ಕಡೆ ಒಂದು ಕಣ್ಣಿಡ್ತೀಯಾ?"

"ನಿನ್ನ ಪಕ್ಕ ಅಂಗಡಿ ಹಾಕಿ ಹನ್ನೊಂದು ವರ್ಷ ಆಯ್ತು ಮಾರಾಯ್ತಿ, ನಿಂಗೆ ಅದೆಲ್ಲ ಬರೋದೇ ಇಲ್ಲ ಅಂದ್ಕೊಂಡಿದ್ದೆ."

"ಬಾಯ್ಮುಚ್ಕೊಂಡು ನೋಡ್ಕೋ. ಮೀನು ತಿನ್ಬೇಡ."

"ಒಂದು ತಿಂದ್ರೆ ಗೊತ್ತಾಗುತ್ತಾ?"

"ನಿನ್ನ ಮೀಸೆ ಹೇಳುತ್ತೆ."

ಅವಳು ಮರಳುವಷ್ಟರಲ್ಲಿ ಅವನು ಎರಡು ಹಾವುಮೀನು ಮಾರಿದ್ದ. "ಈಗ ನನ್ನ ಆಲೂಗಡ್ಡೆ ನೋಡ್ಕೋ," ಎಂದವನೇ ಪುರಭವನದತ್ತ ಓಡಿದ. ಅವನೂ ಇಷ್ಟು ವರ್ಷ ತಡೆದುಕೊಂಡೇ ನಿಂತಿದ್ದನೆಂದು ವೀಬ್ಕೆಗೆ ಆಗ ಹೊಳೆಯಿತು.

ಮಾರ್ಚಿನ ಚೀಟಿಯಲ್ಲಿ ಅಂಕಿ ಏರಿರಲಿಲ್ಲ, ಇಳಿದಿರಲೂ ಇಲ್ಲ. ಸದ್ಯಕ್ಕೆ ಅಷ್ಟು ಸಾಕು ಎಂದರು ಡಾಕ್ಟರು.

ಪಟ್ಟಿಯನ್ನು ಅವಳು ಬಿಟ್ಟಿಲ್ಲ. ನೀರಿನ ಬಾಟಲಿಯನ್ನು ಅದರೊಳಗೇ ಸಿಕ್ಕಿಸಿಕೊಳ್ಳುತ್ತಾಳೆ. ಹಿಮ ಬಿದ್ದ ದಿನವೂ ನೀರು ಉಗುರುಬೆಚ್ಚಗಿರುತ್ತದೆ.